ಓವರ್ ಆಕ್ಟಿಂಗ್ ಅನ್ನೋ ಮುಂಚೆ

ಪ್ರೀತಿಯ ಪುಟ್ಟಾ,

ಹಳೇ ಕನ್ನಡ ಸಿನಿಮಾದವರೆಲ್ಲ ಓವರ್ ಆಕ್ಟಿಂಗ್ ಅಂತ ನೀನು ಬರೆದದ್ದನ್ನು ನಿಮ್ಮಮ್ಮ ನನಗೆ ಕಳಿಸಿದಳು. ಅದರ ಕೆಳಗೆ ಅಣ್ಣಾವ್ರು ದೊಡ್ಡವರಾ, ವಿಷ್ಣು ದೊಡ್ಡವರಾ ಅಂತ ನಿನ್ನ ಗೆಳೆಯರು ಆಡಿದ ಜಗಳವನ್ನೂ ಓದಿದೆ. ಆ ಜಗಳಕ್ಕೆ ನಾನು ಬರಲ್ಲಪ್ಪ, ನಾನು ಕಾಲೇಜಿಗೆ ಹೋಗುವಾಗಲೂ ಅದೇ ನಡೀತಿತ್ತು.

ಬೈಯೋದಾದರೆ ಧಾರಾಳವಾಗಿ ಬೈ. ಆದರೆ ಸಿನಿಮಾ ಪೂರ್ತಿ ನೋಡಿ ಬೈ. ನೀನು ಹಾಕಿದ್ದು ‘ಶರಪಂಜರ’ದ ಕೊನೆಯ ತುಣುಕು, ನಾಯಕಿ ಕಾವೇರಿಗೆ ಮತ್ತೆ ಮತಿ ಕೆಡುವ ಭಾಗ. ಅದನ್ನಷ್ಟೇ ನೋಡಿದರೆ ಕಲ್ಪನಾ ಜಾಸ್ತಿ ಮಾಡಿದ್ದಾರೆ ಅನ್ನಿಸುತ್ತೆ, ನಿಜ. ಅದಕ್ಕೆ ಮುಂಚೆ ಏನಾಗಿತ್ತು ಗೊತ್ತಾ? ಬಾಣಂತನದಲ್ಲಿ ಕಾಯಿಲೆ ಬಿದ್ದವಳು ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರ್ತಾಳೆ, ಆದರೆ ಅವಳು ಸರಿಹೋಗಿದ್ದಾಳೆ ಅಂತ ಯಾರೂ ನಂಬಲ್ಲ, ಗಂಡನೇ ದೂರ ಇಡುತ್ತಾನೆ. ಆ ಭಾಗದಲ್ಲಿ ಕಲ್ಪನಾ ಎಷ್ಟು ಹಿಡಿದು ನಟಿಸಿದ್ದಾರೆ ನೋಡು. ತ್ರಿವೇಣಿಯವರ ಕಾದಂಬರಿ ಸಿಕ್ಕರೆ ಅದನ್ನೂ ಓದು. ನಿರ್ದೇಶಕ ಪುಟ್ಟಣ್ಣ ಕೆಲವು ಕಡೆ ಎಳೆದಿದ್ದಾರೆ ಅನ್ನಿಸಿದರೆ ಹಾಗೇ ಬರಿ, ನನಗೂ ಹಾಗೆ ಅನ್ನಿಸಿದ್ದುಂಟು. ಯಾವ ದೃಶ್ಯ, ಯಾಕೆ ಅಂತ ಮಾತ್ರ ಹೇಳು.

ಇನ್ನೊಂದು. ಅಣ್ಣಾವ್ರು, ನರಸಿಂಹರಾಜು, ಬಾಲಕೃಷ್ಣ ಇವರೆಲ್ಲ ನಾಟಕ ಕಂಪನಿಯಿಂದ ಬಂದವರು. ಕೊನೆಯ ಸಾಲಿನಲ್ಲಿ ಕೂತವನಿಗೂ ಮಾತು ಕೇಳಬೇಕು, ಮುಖ ಕಾಣಬೇಕು, ಹಾಗೆ ಪಳಗಿದ ದನಿ ಅದು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಅಣ್ಣಾವ್ರನ್ನು ನೋಡಿ, ಆಮೇಲೆ 1971ರ ‘ಕಸ್ತೂರಿ ನಿವಾಸ’ ನೋಡು. ಬೆಂಕಿಪೊಟ್ಟಣದ ಕಾರ್ಖಾನೆ ನಡೆಸಿ, ಎಲ್ಲಾ ಕಳೆದುಕೊಂಡ ಮೇಲೂ ಕೊಡೋದು ಬಿಡದ ಆ ಮನುಷ್ಯನನ್ನು ರಾಜ್‌ಕುಮಾರ್ ಎಷ್ಟು ಮೆತ್ತಗೆ ಆಡಿದ್ದಾರೆ ಅಂದರೆ, ಇವರೇನಾ ಅವರು ಅಂತ ನೀನೇ ಕೇಳ್ತೀಯ. ಎಲ್ಲರನ್ನೂ ಒಂದೇ ಮಾತಲ್ಲಿ ಮುಗಿಸಿಬಿಟ್ಟರೆ ಈ ಹದಿನೇಳು ವರ್ಷದಲ್ಲಿ ಅವರು ಬದಲಾದದ್ದು ಎಲ್ಲಿ ಹೋಯ್ತು?

ಹೀರೋನ ಪಕ್ಕದಲ್ಲಿ ನಿಂತವರ ಮೇಲೂ ಸ್ವಲ್ಪ ಕಣ್ಣಿಡು. ‘ನಾಗರಹಾವು’ ವಿಷ್ಣುವಿಗೆ ನಾಯಕನಾಗಿ ಮೊದಲ ಸಿನಿಮಾ. ರಾಮಾಚಾರಿಯ ಸಿಟ್ಟು ನಮಗೆ ತಟ್ಟೋದು ಎದುರಿಗೆ ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್ ಅಷ್ಟು ತಣ್ಣಗೆ ಇರೋದರಿಂದ. ಅವರಿಗೆ ಒಂದು ಫ್ಯಾನ್ ಪೇಜ್ ಮಾಡ್ರೋ ಯಾರಾದರೂ!

ಗೆಳೆಯರ ಜೊತೆ ಜಗಳಕ್ಕೆ ಇಳಿದಾಗ ನಟನ ಜಾತಿ, ಮನೆ, ಮಕ್ಕಳ ವಿಷಯ ತೆಗೆಯಬೇಡ. ಒಬ್ಬ ಹುಡುಗ ತೆಗೆದಿದ್ದಾನೆ, ನೀನು ಅದಕ್ಕೆ ನಗುವ ಮುಖ ಹಾಕಿದ್ದೀಯ. ಅದನ್ನು ಇವತ್ತೇ ತೆಗೆದುಹಾಕು.

ದಸರಾಕ್ಕೆ ಬರ್ತೀಯಲ್ಲ, ‘ಭೂತಯ್ಯನ ಮಗ ಅಯ್ಯು’ ನೋಡೋಣ. ಲೋಕೇಶ್ ಅಯ್ಯು, ವಿಷ್ಣು ಗುಳ್ಳ. ನಿಮ್ಮಪ್ಪನನ್ನು ಮಾತ್ರ ಜೊತೆಗೆ ಕೂರಿಸಬೇಡ, ಪ್ರತಿ ಡೈಲಾಗನ್ನೂ ಮುಂಚೆಯೇ ಹೇಳಿಬಿಡ್ತಾರೆ.

ನಿನ್ನ ದೊಡ್ಡಮ್ಮ