ಟೆಲಿಪ್ರಿಂಟರಿನದು ಮೋರ್ಸ್ ಭಾಷೆಯಲ್ಲ

ಮಾನ್ಯ ಸಂಪಾದಕರೇ,

ತಂತಿಯಲ್ಲಿ ಬಂದ ಸುದ್ದಿಯನ್ನು ತಾನೇ ಕಾಗದದ ಮೇಲೆ ಅಚ್ಚು ಮಾಡುತ್ತಿದ್ದ, ಪತ್ರಿಕಾ ಕಚೇರಿಗಳ ಹಳೆಯ ಟೆಲಿಪ್ರಿಂಟರುಗಳ ಬಗ್ಗೆ ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಬಂದ ಲೇಖನವನ್ನು ಸಂತೋಷದಿಂದ ಓದಿದೆ. ಆದರೆ ಆ ಯಂತ್ರಗಳು ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತದಲ್ಲಿ ಸುದ್ದಿ ತರುತ್ತಿದ್ದವು ಎಂಬ ಮಾತು ಸರಿಯಲ್ಲ. ಮೋರ್ಸ್‌ನಲ್ಲಿ ಒಂದೊಂದು ಅಕ್ಷರದ ಉದ್ದ ಒಂದೊಂದು ಬಗೆಯದು. ಪಳಗಿದ ಕಿವಿಗೆ ಅದು ತೊಡಕಲ್ಲ, ಯಂತ್ರಕ್ಕೆ ತೊಡಕು. ಫ್ರಾನ್ಸಿನ ತಂತಿ ಇಲಾಖೆಯ ಎಮಿಲ್ ಬೋದೊ 1874ರಲ್ಲಿ ಪೇಟೆಂಟ್ ಪಡೆದ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಸಮನಾದ ಐದು ಮಿಡಿತಗಳು. ಅದನ್ನು 1901ರ ಸುಮಾರಿಗೆ ಮರುಜೋಡಿಸಿದ ನ್ಯೂಜಿಲೆಂಡಿನ ಡೊನಾಲ್ಡ್ ಮರ್ರೆ ನಮ್ಮ ಕಸುಬಿನವನೇ, ಪತ್ರಕರ್ತ. ಹೆಚ್ಚು ಬಳಕೆಯ 'ಇ', 'ಟಿ' ಅಕ್ಷರಗಳಿಗೆ, ಸಂದೇಶವನ್ನು ತೂತುಗಳಾಗಿ ಹಿಡಿದಿಡುವ ಕಾಗದದ ಟೇಪಿನಲ್ಲಿ ಒಂದೇ ತೂತು ಸಾಕಾಗುವಂತೆ ಆತ ಮಾಡಿದ.

ಒಂದೊಂದು ಮಿಡಿತಕ್ಕೂ ಇದೆ, ಇಲ್ಲ ಎಂಬ ಎರಡೇ ಸ್ಥಿತಿ, ಹಾಗಾಗಿ ಐದು ಮಿಡಿತಗಳಿಂದ ಸಿಗುವುದು 32 ಜೋಡಣೆ ಮಾತ್ರ. ಇಂಗ್ಲಿಷಿನ 26 ಅಕ್ಷರಗಳು ಹೋದರೆ ಅಂಕಿಗಳಿಗೆ ಜಾಗವಿಲ್ಲ. ಹಾಗಾಗಿ 'ಇನ್ನು ಮುಂದೆ ಅಂಕಿ', 'ಇನ್ನು ಮುಂದೆ ಅಕ್ಷರ' ಎಂದು ಹೇಳುವುದಕ್ಕೇ ಎರಡು ಜೋಡಣೆಗಳನ್ನು ಮೀಸಲಿಟ್ಟು, ಕೀಲಿಮಣೆಯ ಮೇಲಿನ ಸಾಲಿನ ಹತ್ತು ಅಕ್ಷರಗಳ ಸಂಕೇತಗಳನ್ನೇ ಹತ್ತು ಅಂಕಿಗಳಿಗೂ ಕೊಟ್ಟರು. 1983ರ ಜೂನ್ 25ರ ರಾತ್ರಿಪಾಳಿಯಲ್ಲಿ, ಲಾರ್ಡ್ಸ್‌ನಿಂದ ಬಂದ ಸುದ್ದಿಯಲ್ಲಿ ಭಾರತದ ಮೊತ್ತ 'ಕ್ಯೂ ಐ ಇ' ಎಂದು ಅಚ್ಚಾಗಿತ್ತು. ಅಂಕಿಯ ಸೂಚನೆ ದಾರಿಯಲ್ಲೆಲ್ಲೋ ಕಳೆದುಹೋಗಿತ್ತು. ನಮ್ಮ ಆಪರೇಟರು ಕೀಲಿಗಳತ್ತ ಕಣ್ಣು ಹಾಯಿಸಿ 183 ಎಂದು ಹೇಳಲು ಗಳಿಗೆಯೂ ಹಿಡಿಯಲಿಲ್ಲ.

ಅದೇ ಆಪರೇಟರು ತಪ್ಪು ಹೊಡೆದಾಗ ಟೇಪನ್ನು ಒಂದು ಮನೆ ಹಿಂದೆ ಸರಿಸಿ ಐದೂ ತೂತು ಹೊಡೆದುಬಿಡುತ್ತಿದ್ದರು. ಐದು ತೂತೆಂದರೆ 'ಅಕ್ಷರ' ಸೂಚನೆ. ಕಾಗದದ ಮೇಲೆ ಅದರಿಂದ ಏನೂ ಮೂಡದು.

ಪ್ರತಿ ಅಕ್ಷರದ ಮೊದಲಿಗೆ ಆರಂಭದ ಒಂದು ಮಿಡಿತ, ಕೊನೆಗೆ ಒಂದೂವರೆ ಮಿಡಿತದಷ್ಟು ವಿರಾಮ ಇದ್ದುದರಿಂದ ಎರಡೂ ಕಡೆಯ ಯಂತ್ರಗಳು ಅಕ್ಷರಕ್ಕೊಮ್ಮೆ ಹೆಜ್ಜೆ ಕೂಡಿಸಿಕೊಳ್ಳುತ್ತಿದ್ದವು. ಸೆಕೆಂಡಿಗೆ 50 ಮಿಡಿತಗಳ ವೇಗದಲ್ಲಿ ಒಂದು ಅಕ್ಷರಕ್ಕೆ 150 ಮಿಲಿಸೆಕೆಂಡು, ಅಂದರೆ ನಿಮಿಷಕ್ಕೆ 400 ಅಕ್ಷರ. ಈ ವೇಗದ ಅಳತೆಗೆ ಬೋದೊ ಹೆಸರಿನಿಂದಲೇ 'ಬಾಡ್' ಎಂಬ ಹೆಸರು ಬಂತು.

ಕನ್ನಡದ ಕಾಗುಣಿತ, ಒತ್ತಕ್ಷರಗಳು ಈ 32 ಮನೆಗಳಲ್ಲಿ ಹಿಡಿಸುವಂಥವಲ್ಲ. ನಮಗೆ ಸುದ್ದಿ ಇಂಗ್ಲಿಷಿನಲ್ಲೇ ಬರುತ್ತಿತ್ತು, ಹರಿದ ಕಾಗದದ ಸುರುಳಿ ಮೇಜಿಗೆ ಬಂದ ಮೇಲೆ ಅನುವಾದ. ಜಾಲತಾಣದಲ್ಲಿರುವ ಲೇಖನದಲ್ಲಾದರೂ ಮೋರ್ಸ್ ಎಂಬುದನ್ನು ತಿದ್ದಬೇಕೆಂದು ವಿನಂತಿ.

ಇಂತು,
ನಿವೃತ್ತ ಉಪಸಂಪಾದಕ, ಮೈಸೂರು