ದಿಲ್ಲಿಯಲ್ಲಿ ಮನೆ ಹಿಡಿದ ಸೋದರಸೊಸೆಗೆ

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇತ್ತ ಮೈಸೂರಿನಲ್ಲಿ ಎಲ್ಲರೂ ಕ್ಷೇಮವಾಗಿದ್ದೇವೆ. ನಿನ್ನ ಕ್ಷೇಮಸಮಾಚಾರವನ್ನು ಆಗಾಗ ಬರೆಯುತ್ತಿರಬೇಕು.

ಮುನಿರ್ಕಾದಲ್ಲಿ ಮೂರನೆಯ ಮಹಡಿಯ ಕೋಣೆ ಬಾಡಿಗೆಗೆ ಸಿಕ್ಕಿತೆಂದೂ, ಸಂಶೋಧನೆಗೆ ದಿಲ್ಲಿಯ ಸಾಮಾಜಿಕ ಇತಿಹಾಸವನ್ನೇ ಆರಿಸಿಕೊಂಡೆನೆಂದೂ ತಿಳಿದು ಸಂತೋಷವಾಯಿತು. ಆದರೆ ನೀನು ಕಳುಹಿಸಿರುವ ಅಧ್ಯಾಯಗಳ ಪಟ್ಟಿಯನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಕಿಲಾ ರಾಯ್ ಪಿಥೋರಾ, ಸಿರಿ, ತುಘಲಕಾಬಾದ್ ಎಂದು ಆರಂಭಿಸಿ ಶಾಹಜಹಾನಾಬಾದಿನವರೆಗೆ ಏಳು ನಗರಗಳಿಗೆ ಏಳು ಅಧ್ಯಾಯ, ಎಂಟನೆಯದು ಇಂಗ್ಲಿಷ್ ವಾಸ್ತುಶಿಲ್ಪಿ ಲುಟ್ಯೆನ್ಸನ ಹೊಸದಿಲ್ಲಿ. ಇದು ಕೋಟೆ ಕಟ್ಟಿಸಿದವರ ಲೆಕ್ಕವೇ ಹೊರತು ಊರಿನಲ್ಲಿ ಬಾಳಿದವರ ಲೆಕ್ಕವಲ್ಲ. ಮೂವತ್ತೊಂದು ವರ್ಷ ಅಲ್ಲಿ ಗುಮಾಸ್ತಿಕೆ ಮಾಡಿದವನ ಮಾತಿಗೆ ಪಾಂಡಿತ್ಯದ ಬಲವಿಲ್ಲ, ಒಪ್ಪುತ್ತೇನೆ. ಆದರೂ ನನ್ನದೊಂದು ಸಲಹೆಯುಂಟು: ಯಾವ ಬೀದಿಗೆ ಹೋದರೂ, ಇಲ್ಲಿಗೆ ಯಾರು ಬಂದರು ಎಂದು ಕೇಳುವುದರ ಜೊತೆಗೆ, ಅವರಿಗೆ ಜಾಗವಾಗಲೆಂದು ಯಾರನ್ನು ಎಬ್ಬಿಸಲಾಯಿತು ಎಂದೂ ಕೇಳು.

ಬೇರೆಲ್ಲಿಗೂ ಹೋಗಬೇಕಾಗಿಲ್ಲ, ನಿನ್ನ ಮನೆಯ ಕೆಳಗಡೆಯಿಂದಲೇ ತೊಡಗಬಹುದು. ಮುನಿರ್ಕಾ ಮೂಲತಃ ಜಾಟರ ಹಳ್ಳಿ. 1908ರಲ್ಲಿ ಕಂದಾಯದ ನಕ್ಷೆಗಳಲ್ಲಿ ಹಳ್ಳಿಯ ವಾಸದ ಭಾಗದ ಸುತ್ತ ಕೆಂಪು ಶಾಯಿಯ ಗೆರೆ ಎಳೆದರು. ಅದೇ ಲಾಲ್ ಡೋರಾ. ಸ್ವಾತಂತ್ರ್ಯದ ನಂತರ ಸರ್ಕಾರಿ ವಸತಿಗಳಿಗೂ 1969ರಲ್ಲಿ ಆರಂಭವಾದ ನಿಮ್ಮ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯಕ್ಕೂ ಸುತ್ತಲಿನ ಹೊಲಗಳು ಹೋದವು, ಗೆರೆಯ ಒಳಗಿನ ಮನೆಗಳು ಮಾತ್ರ ಉಳಿದವು. ಕಟ್ಟಡದ ನಿಯಮಗಳು ಆ ಗೆರೆಯೊಳಗೆ ಸಡಿಲವಾಗಿದ್ದುದರಿಂದ, ಭೂಮಿ ಕಳೆದುಕೊಂಡ ರೈತ ಇದ್ದ ಅಂಗೈಯಗಲದ ಜಾಗದಲ್ಲೇ ಅಂತಸ್ತಿನ ಮೇಲೆ ಅಂತಸ್ತು ಏರಿಸಿ ಬಾಡಿಗೆಯಿಂದ ಜೀವಿಸತೊಡಗಿದ. ನಿನ್ನ ಕೋಣೆಗೆ ಬಿಸಿಲು ಬೀಳುವುದಿಲ್ಲವೆಂದು ಬರೆದಿದ್ದೀಯಲ್ಲ, ಅದಕ್ಕೆ ಕಾರಣ ಆ ಕೆಂಪು ಗೆರೆ. ಕೆಳಗಿನ ಮನೆಯಲ್ಲಿ ಹುಕ್ಕಾ ಸೇದುತ್ತ ಕೂತಿರುವ ಮುದುಕಿಗೆ ಹೆದರುತ್ತೇನೆಂದೂ ಬರೆದಿದ್ದೀಯೆ. ಹೆದರದೆ ಹೋಗಿ 'ತಾಯಿ' ಎಂದು ಕರೆ. ಜಾಟರಲ್ಲಿ ತಂದೆಯ ಅಣ್ಣನ ಹೆಂಡತಿಗೆ, ಎಂದರೆ ನಮ್ಮ ದೊಡ್ಡಮ್ಮನಿಗೆ, ಹಾಗೆ ಹೇಳುವುದುಂಟು. ಯಾವ ಹೊಲದಲ್ಲಿ ಯಾವ ಬೆಳೆ ಬರುತ್ತಿತ್ತು ಎಂದು ಮೊದಲು ಕೇಳು, ಪರಿಹಾರದ ಮಾತನ್ನು ಆಮೇಲೆ ಎತ್ತು.

ನಾನು 1971ರಲ್ಲಿ ಆ ಊರಿಗೆ ಹೋದಾಗ ಮದರಾಸಿನವರೆಂದು ಒಟ್ಟಾರೆ ಕರೆಸಿಕೊಳ್ಳುತ್ತಿದ್ದ ನಮ್ಮಂಥ ಗುಮಾಸ್ತರಿಗೆ ಕರೋಲ್ ಬಾಗ್ ತೌರುಮನೆಯಿದ್ದಂತೆ. ನಾಲ್ವರು ಸೇರಿ ಒಂದು ಬರ್ಸಾತಿ ಹಿಡಿದಿದ್ದೆವು, ಎಂದರೆ ಬಿಸಿಲುಮಚ್ಚಿನ ಮೇಲಿನ ಒಂಟಿ ಕೋಣೆ. ಮನೆಯ ಯಜಮಾನರು ಈಗ ಪಾಕಿಸ್ತಾನದಲ್ಲಿರುವ ಲಾಯಲ್‌ಪುರದಿಂದ ಬಂದ ಪಂಜಾಬಿ ವೃದ್ಧರು, ತಿಂಗಳ ಮೊದಲ ತಾರೀಖು ಬೆಳಗಾಗುವ ಮುನ್ನವೇ ಮೆಟ್ಟಿಲು ಹತ್ತುತ್ತಿದ್ದರು. ಅವರನ್ನು ನಾವು ಜಿಪುಣರೆಂದು ಆಡಿಕೊಳ್ಳುತ್ತಿದ್ದೆವು. ಆ ಮನೆಯ ಬಾಗಿಲವಾಡದ ಮೇಲೆ ಸುಣ್ಣದ ಪದರಗಳ ಅಡಿಯಲ್ಲಿ ಉರ್ದು ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಪ್ರತಿ ದೀಪಾವಳಿಗೆ ಸುಣ್ಣ ಬಳಿಸಿದರೂ ಮಳೆಗಾಲ ಬಂದೊಡನೆ ಮತ್ತೆ ತಲೆ ಎತ್ತುತ್ತಿದ್ದವು. ಅವು ಯಾರ ಅಕ್ಷರಗಳೆಂದು ನಾನೊಮ್ಮೆಯೂ ಕೇಳಲಿಲ್ಲ.

ಉತ್ತರ ಬಹಳ ತಡವಾಗಿ, ಪುಸ್ತಕಗಳಿಂದ ದೊರೆಯಿತು. 1911ರ ಡಿಸೆಂಬರ್ 12ರಂದು ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆ ರಾಜಧಾನಿಯನ್ನು ಕಲ್ಕತ್ತೆಯಿಂದ ದಿಲ್ಲಿಗೆ ತರುವುದಾಗಿ ಸಾರಿದ ಮೇಲೆ, 1894ರ ಭೂಸ್ವಾಧೀನ ಕಾಯಿದೆಯ ಬಲದಿಂದ ರಾಯ್ಸಿನಾ, ಮಾಲ್ಚಾ ಮೊದಲಾದ ಹಳ್ಳಿಗಳನ್ನು ತೆಗೆದುಕೊಂಡರು. ಈಗ ಕನಾಟ್ ಪ್ಲೇಸ್ ಇರುವ ಕಡೆ ಮಾಧೋಗಂಜ್, ಜೈಸಿಂಗ್‌ಪುರಾ, ರಾಜಾ ಕಾ ಬಜಾರ್ ಎಂಬ ಜನವಸತಿಗಳಿದ್ದವು. ಅಲ್ಲಿಂದ ಎಬ್ಬಿಸಿದವರನ್ನು ಕಳುಹಿಸಿದ್ದು ಅಂದು ಕುರುಚಲು ಕಾಡಿನಂತಿದ್ದ ಕರೋಲ್ ಬಾಗಿಗೆ. 1925ರಲ್ಲಿ ಜಾಮಿಯಾ ಮಿಲಿಯಾ ವಿದ್ಯಾಸಂಸ್ಥೆ ಅಲೀಗಢದಿಂದ ಅದೇ ಬಡಾವಣೆಗೆ ಬಂತು, ಸುತ್ತ ಮುಸ್ಲಿಂ ಕುಟುಂಬಗಳು ನೆಲೆಸಿದವು. 1947ರಲ್ಲಿ ಅವರಲ್ಲಿ ಅನೇಕರು ಓಡಬೇಕಾಯಿತು. ಪುರಾನಾ ಕಿಲಾ ಮತ್ತು ಹುಮಾಯೂನನ ಸಮಾಧಿಯ ಅಂಗಳಗಳು ದಿಲ್ಲಿಯವರೇ ಆಗಿದ್ದ ಮುಸ್ಲಿಮರ ನಿರಾಶ್ರಿತ ಶಿಬಿರಗಳಾದವು. ಅತ್ತ ಪಂಜಾಬಿನಿಂದ ಎಲ್ಲವನ್ನೂ ಕಳೆದುಕೊಂಡು ಬಂದ ಹಿಂದೂಗಳೂ ಸಿಖ್ಖರೂ ಕಿಂಗ್ಸ್‌ವೇ ಶಿಬಿರದಲ್ಲಿಯೂ ಖಾಲಿಯಾದ ಮನೆಗಳಲ್ಲಿಯೂ ತುಂಬಿಕೊಂಡರು. 1941ರ ಜನಗಣತಿಯಲ್ಲಿ 9.18 ಲಕ್ಷವಿದ್ದ ದಿಲ್ಲಿ ಪ್ರಾಂತದ ಜನಸಂಖ್ಯೆ 1951ರಲ್ಲಿ 17.44 ಲಕ್ಷವಾಯಿತು, ಸುಮಾರು ಮೂರು ಲಕ್ಷಕ್ಕೂ ಹೆಚ್ಚು ಮುಸ್ಲಿಮರು ಊರು ಬಿಟ್ಟ ಮೇಲೂ! ಒಂದೇ ಮನೆಯ ಹೊಸ್ತಿಲನ್ನು ಮೂರು ಬಗೆಯ ನಿರ್ವಸಿತರು ನಲವತ್ತು ವರ್ಷಗಳೊಳಗೆ ದಾಟಿರಬಹುದು. ಅದರ ತಾರಸಿಯ ಮೇಲೆ ಕುಳಿತು ನಾವು ಕಾಫಿಪುಡಿಯ ಬೆಲೆಯನ್ನು ಕುರಿತು ಗೊಣಗುತ್ತಿದ್ದೆವು.

ಹಳೆಯ ಕಾಲಕ್ಕೂ ಇದೇ ಪ್ರಶ್ನೆಯನ್ನು ಹಿಡಿದು ಹೋಗು. ಸುಲ್ತಾನರ ಯುದ್ಧಗಳನ್ನು ಬರೆದವರು ಬೇಕಾದಷ್ಟಿದ್ದಾರೆ. ನೀನು ಅವರ ಕೆರೆಗಳನ್ನು ನೋಡು. ಮೆಹರೌಲಿಯಲ್ಲಿ ಇಲ್ತುತ್‌ಮಿಶ್ ತೋಡಿಸಿದ ಹೌಜ್-ಎ-ಶಮ್ಸಿ, ಅಲಾವುದ್ದೀನ್ ಖಿಲ್ಜಿಯ ಹೌಜ್ ಖಾಸ್, ಹತ್ತಾರು ಬಾವ್ಲಿಗಳು, ಎಂದರೆ ಮೆಟ್ಟಿಲುಬಾವಿಗಳು. ನೀರಿರುವ ಕಡೆ ಜನ. 1334ರಲ್ಲಿ ದಿಲ್ಲಿಗೆ ಬಂದ ಇಬ್ನ್ ಬತೂತ, ಹೌಜ್ ಖಾಸಿನ ದಂಡೆಯ ಸುತ್ತ ಸಂಗೀತಗಾರರ ವಸತಿಯಿತ್ತೆಂದೂ ಅವರಿಗೆ ಅಲ್ಲೇ ಬಜಾರೂ ಮಸೀದಿಯೂ ಇದ್ದವೆಂದೂ ಬರೆದಿದ್ದಾನೆ. ಇಂಥ ಒಂದು ಸಾಲು ನಿನ್ನ ಕೆಲಸಕ್ಕೆ ಹತ್ತು ಕದನಗಳ ವರ್ಣನೆಗಿಂತ ಹೆಚ್ಚು ಉಪಯುಕ್ತ.

ಅದಕ್ಕೆ ಕೆಲವೇ ವರ್ಷಗಳ ಹಿಂದೆ, 1327ರಲ್ಲಿ, ಮುಹಮ್ಮದ್ ಬಿನ್ ತುಘಲಕ್ ದೇವಗಿರಿಗೆ ರಾಜಧಾನಿಯನ್ನು ಸಾಗಿಸಹೊರಟದ್ದನ್ನು ಹುಚ್ಚು ದೊರೆಯ ಕಥೆಯಾಗಿ ಶಾಲೆಯಲ್ಲಿ ಕಲಿಸಿದರು. ನೀನು ಹೊರಟ ಬಂಡಿಗಳಲ್ಲಿ ಯಾರಿದ್ದರೆಂದು ನೋಡು. ಆಗ ದಕ್ಷಿಣಕ್ಕೆ ಹೋದ ಕುಟುಂಬವೊಂದರ ಬಾಲಕ ತಂದೆ ತೀರಿಕೊಂಡ ಮೇಲೆ ದಿಲ್ಲಿಗೆ ಮರಳಿ, ಅಲ್ಲಿ ಸೂಫಿ ಗುರುವಾಗಿ ಬಾಳಿ, 1398ರಲ್ಲಿ ತೈಮೂರನ ದಂಡು ಬಂದಾಗ ಇಳಿವಯಸ್ಸಿನಲ್ಲಿ ಎರಡನೆಯ ಬಾರಿ ಊರು ಬಿಟ್ಟು ಕೊನೆಗೆ ನೆಲೆಸಿದ್ದು ನಮ್ಮ ಕಲಬುರಗಿಯಲ್ಲಿ. ಖ್ವಾಜಾ ಬಂದೇ ನವಾಜರ ಆ ದರ್ಗಾಕ್ಕೆ ನಿನ್ನ ಅಜ್ಜಿ ಸಕ್ಕರೆ ಒಪ್ಪಿಸಿ ಬಂದದ್ದುಂಟು. ದಿಲ್ಲಿಯಿಂದ ಓಡಿದವರ ಚರಿತ್ರೆ ದಿಲ್ಲಿಯ ದಫ್ತರಖಾನೆಯಲ್ಲಿಯೇ ಸಿಗಬೇಕೆಂದಿಲ್ಲ.

ಶಾಹಜಹಾನಾಬಾದಿನ ವೈಭವವನ್ನು ನೀನು ಚೆನ್ನಾಗಿಯೇ ಬರೆಯುತ್ತೀಯೆ, ಅಲ್ಲಿ ನನ್ನ ಮಾತು ಬೇಡ. 1857ರ ಸೆಪ್ಟೆಂಬರಿನ ನಂತರದ್ದನ್ನು ಮಾತ್ರ ಅವಸರದಲ್ಲಿ ದಾಟಬೇಡ. ನಗರ ಮತ್ತೆ ಇಂಗ್ಲಿಷರ ವಶವಾದಾಗ ನಿವಾಸಿಗಳನ್ನು ಕೋಟೆಗೋಡೆಯ ಆಚೆಗೆ ಅಟ್ಟಿದರು. ಹಿಂದೂಗಳಿಗೆ ಕೆಲವು ತಿಂಗಳುಗಳಲ್ಲಿ ಮರಳಲು ಅನುಮತಿ ದೊರೆಯಿತು, ಮುಸ್ಲಿಮರು ಬಹಳ ಹೆಚ್ಚು ಕಾಲ ಕಾಯಬೇಕಾಯಿತು. ಬಲ್ಲಿಮಾರಾನಿನಲ್ಲಿ ಮಿರ್ಜಾ ಗಾಲಿಬರು ಉಳಿದುಕೊಂಡದ್ದು ಕವಿಯೆಂಬ ಗೌರವದಿಂದಲ್ಲ. ಅದೇ ಗಲ್ಲಿಯಲ್ಲಿ ಪಟಿಯಾಲದ ಮಹಾರಾಜರ ಹಕೀಮರ, ಎಂದರೆ ವೈದ್ಯರ, ಮನೆಗಳಿದ್ದುದರಿಂದ ಮಹಾರಾಜರ ಸಿಪಾಯಿಗಳು ಬೀದಿಗೆ ಕಾವಲಿದ್ದರು. ಯಾರು ಉಳಿದರೆಂಬುದನ್ನು ನೆರೆಹೊರೆ ನಿರ್ಧರಿಸಿದ ಇಂಥ ಸಂಗತಿಗಳನ್ನು ಆಯ್ದಿಟ್ಟುಕೋ.

ಇನ್ನು ಹೇಳಲು ನಾಚಿಕೆಯಾಗುವ ಒಂದು ವಿಷಯ. 1976ರ ಹೊತ್ತಿಗೆ ನನಗೆ ರಾಮಕೃಷ್ಣಪುರದಲ್ಲಿ ಸರ್ಕಾರಿ ಕ್ವಾರ್ಟರ್ಸ್ ಸಿಕ್ಕಿ, ನಿನ್ನ ಅತ್ತೆಯೂ ಬಂದು ಸಂಸಾರ ಹೂಡಿದ್ದೆವು. ಪಾತ್ರೆ ತೊಳೆಯಲು ಒಬ್ಬ ಹೆಂಗಸು ಹತ್ತಿರದ ಜುಗ್ಗಿಯಿಂದ, ಎಂದರೆ ಗುಡಿಸಲುಗಳ ಕೊಳೆಗೇರಿಯಿಂದ, ಬರುತ್ತಿದ್ದಳು. ತುರ್ತುಪರಿಸ್ಥಿತಿಯ ಆ ದಿನಗಳಲ್ಲಿ ಒಂದು ಬೆಳಗ್ಗೆ ಅವಳು ಬರಲಿಲ್ಲ, ಮರುದಿನವೂ ಬರಲಿಲ್ಲ. ಹೇಳದೆ ಕೇಳದೆ ಕೈಕೊಟ್ಟಳೆಂದು ನಾವು ಬೈದುಕೊಂಡೆವು. ಅರ್ಧ ತಿಂಗಳ ಸಂಬಳ ನಮ್ಮಲ್ಲೇ ಉಳಿಯಿತು. ಜುಗ್ಗಿಯನ್ನು ನೆಲಸಮ ಮಾಡಿ ಅಲ್ಲಿದ್ದವರನ್ನು ಲಾರಿಗಳಲ್ಲಿ ಯಮುನೆಯ ಆಚೆಗೆ, ತ್ರಿಲೋಕಪುರಿಯ ಕಡೆಗೆ ಸಾಗಿಸಿದ್ದು ತಿಳಿದಾಗಲೂ ನನಗೆ ವಿಶೇಷವೆನ್ನಿಸಲಿಲ್ಲ. ಆ ಎರಡು ವರ್ಷಗಳಲ್ಲಿ ದಿಲ್ಲಿಯಲ್ಲಿ ಸುಮಾರು ಏಳು ಲಕ್ಷ ಜನರನ್ನು ಹಾಗೆ ಎತ್ತಿ ಬೇರೆಡೆ ಹಾಕಲಾಯಿತು. ತುರ್ಕ್‌ಮಾನ್ ಗೇಟಿನಲ್ಲಿ ಎದುರುನಿಂತವರ ಮೇಲೆ ಗುಂಡು ಹಾರಿದ್ದರಿಂದ ಅದರ ಹೆಸರು ಉಳಿಯಿತು. ಮಿಕ್ಕವು ಸದ್ದಿಲ್ಲದೆ ಮುಗಿದವು. ಎಂಟು ವರ್ಷಗಳ ನಂತರ, 1984ರ ನವೆಂಬರಿನಲ್ಲಿ, ಸಿಖ್ಖರ ಕಗ್ಗೊಲೆ ಅತ್ಯಂತ ಭೀಕರವಾಗಿ ನಡೆದದ್ದು ಅದೇ ತ್ರಿಲೋಕಪುರಿಯ ಇಕ್ಕಟ್ಟಾದ ಬ್ಲಾಕುಗಳಲ್ಲಿ ಎಂದು ಪತ್ರಿಕೆಯಲ್ಲಿ ಓದಿದಾಗ ಮಾತ್ರ ಅವಳ ನೆನಪು ಬಂತು. ಹೆಸರು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನಿನ್ನ ಅತ್ತೆಗೂ ಗೊತ್ತಿರಲಿಲ್ಲ. ನಾವು ಅವಳನ್ನು 'ಬಾಯಿ' ಎಂದಷ್ಟೇ ಕರೆಯುತ್ತಿದ್ದೆವು.

ಆದ್ದರಿಂದ ಪುಟ್ಟಿ, ಹಳೆಯ ದಿಲ್ಲಿಯ ಹವೇಲಿಗಳಿಗೆ ಹೋಗುವ ಮುನ್ನ ಒಂದು ಭಾನುವಾರ ಮೆಟ್ರೋ ಹಿಡಿದು ನದಿ ದಾಟಿ ಹೋಗು. ಪ್ರಶ್ನಾವಳಿ ಬೇಡ, ಮೊದಲ ಸಲ ರೆಕಾರ್ಡರನ್ನೂ ಚೀಲದಿಂದ ತೆಗೆಯಬೇಡ. ಯಾವ ಜುಗ್ಗಿಯಿಂದ ಬಂದಿರಿ, ಬಂದ ದಿನ ನೀರು ಎಲ್ಲಿತ್ತು ಎಂದು ಕೇಳಿದರೆ ಸಾಕು, ಮುಂದಿನದನ್ನು ವಯಸ್ಸಾದ ಹೆಂಗಸರು ತಾವೇ ಹೇಳುತ್ತಾರೆ. ನಿನ್ನ ಕೋಣೆಯ ಬಾಡಿಗೆಯ ಚೀಟಿಗಳನ್ನೂ ತಾರೀಖು ಹಾಕಿ ಇಟ್ಟುಕೋ.

ಜುಗ್ಗಿ ಕೆಡವಿದ ಆ ವರ್ಷ ನಾನು ನಿನ್ನ ಅಜ್ಜಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳು ಅವರ ಕಬ್ಬಿಣದ ಟ್ರಂಕಿನಲ್ಲಿ ಕಟ್ಟಾಗಿಯೇ ಇವೆ. ಅವುಗಳಲ್ಲಿ ಒಂದರಲ್ಲಿ, ಊರು ಈಗ ಎಷ್ಟು ಚೊಕ್ಕಟವಾಗಿದೆಯೆಂದರೆ ಕ್ವಾರ್ಟರ್ಸಿನ ಹಿಂದಿನ ಬಯಲು ಕಿಟಕಿಯಿಂದ ಕಾಣುತ್ತದೆ, ಗಾಳಿ ಚೆನ್ನಾಗಿ ಬರುತ್ತದೆ ಎಂದು ಬರೆದಿದ್ದೇನೆ. ಅದನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ನನ್ನ ಹೆಸರನ್ನು ಮರೆಮಾಚದೆ ನಿನ್ನ ಬರಹದಲ್ಲಿ ಉಪಯೋಗಿಸಿಕೋ.

ಚಳಿಗಾಲಕ್ಕೆ ಒಳ್ಳೆಯ ರಜಾಯಿ ಕೊಳ್ಳುವುದನ್ನು ಮರೆಯಬೇಡ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ