ಪೂಲ್ ಕ್ಯೂ ಹಿಡಿಗೆ ಇನ್ನು ಮುಂದೆ ಆಡಿನ ಚರ್ಮ: ಗ್ರಾಹಕರಿಗೆ ಪತ್ರ

ಕಲಬುರಗಿ

ಪ್ರಿಯ ಗ್ರಾಹಕರೇ,

ನಮಸ್ಕಾರ. ಮುಂದಿನ ತಿಂಗಳಿಂದ ನಮ್ಮ ವರ್ಕ್‌ಶಾಪಿನಲ್ಲಿ ಕ್ಯೂ (ಪೂಲ್, ಸ್ನೂಕರ್ ಮೇಜಿನ ಮೇಲೆ ಚೆಂಡು ಹೊಡೆಯುವ ಕೋಲು) ಹಿಡಿಗೆ ಎಮ್ಮೆ ಚರ್ಮ ಮತ್ತು ರೆಕ್ಸಿನ್ ಸುತ್ತುವುದನ್ನು ನಿಲ್ಲಿಸುತ್ತಿದ್ದೇವೆ. ಅದರ ಬದಲು ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ, ಆಡಿನ ಚರ್ಮ ಬರುತ್ತದೆ. ಸ್ನೂಕರ್ ಆಡುವವರಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ, ಅವರ ಕ್ಯೂ ಹಿಡಿ ಬರೀ ಮರದ್ದೇ ಇರುತ್ತದೆ. ಇದು ಪೂಲ್ ಆಡುವವರಿಗಾಗಿ ಬರೆದದ್ದು.

ಚರ್ಮ ಅಂದರೆ ಎಲ್ಲರೂ ಮೊದಲು ಬಣ್ಣ ನೋಡುತ್ತಾರೆ. ನಾವು ನೋಡುವುದು ದಪ್ಪ. ಹಿಡಿಯ ಜಾಗದಲ್ಲಿ ಮರವನ್ನು ಲೇತ್ ಮೇಲೆ ಸ್ವಲ್ಪ ತಗ್ಗು ಮಾಡಿರುತ್ತಾರೆ. ಚರ್ಮ ಆ ತಗ್ಗಿನಲ್ಲಿ ಸರಿಯಾಗಿ ಕೂರಬೇಕು, ಬೆರಳಾಡಿಸಿದರೆ ಮರ ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು. ದಪ್ಪ ಜಾಸ್ತಿಯಾದರೆ ಅಂಚು ಮೇಲೆದ್ದು, ಕೈ ಉಜ್ಜಿ ಉಜ್ಜಿ ಬಿಚ್ಚಿಕೊಳ್ಳುತ್ತದೆ. ಕಡಿಮೆಯಾದರೆ ಮರದ ಅಂಚು ಕೈಗೆ ತಾಗುತ್ತದೆ. ಚರ್ಮಕ್ಕಾಗಿ ಮಾಡಿದ ತಗ್ಗು ಸಾಮಾನ್ಯವಾಗಿ 0.8ರಿಂದ 1 ಮಿಲಿಮೀಟರ್ ಇರುತ್ತದೆ.

ಎಮ್ಮೆ ಚರ್ಮವನ್ನು ಆ ಅಳತೆಗೆ ತರಬೇಕಾದರೆ ಹಿಂಬದಿಯಿಂದ ತುಂಬಾ ಹೆರೆಯಬೇಕು. ಚರ್ಮದ ಗಟ್ಟಿ ನಾರು ಇರುವುದು ಒಳಪದರದಲ್ಲಿ. ಅದೇ ಹೋದ ಮೇಲೆ ಉಳಿಯುವುದು ಬರೀ ಮೇಲಿನ ಸಿಪ್ಪೆ, ಎಳೆದರೆ ಹಿಗ್ಗುತ್ತದೆ. ಆಡಿನ ಚರ್ಮ ಹುಟ್ಟಿನಿಂದಲೇ ತೆಳು, ಹಾಗಾಗಿ ಹೆಚ್ಚು ಹೆರೆಯದೆ ಅದರ ಗಟ್ಟಿತನ ಉಳಿಯುತ್ತದೆ. ಮೇಲ್ಮೈಯ ಸಣ್ಣ ಗುಳಿಗಳಿಂದ ಹಿಡಿತವೂ ಸಿಗುತ್ತದೆ.

ಇನ್ನು ಬೆವರು. ನಮ್ಮ ಊರಿನ ಏಪ್ರಿಲ್, ಮೇ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಕರೆಂಟ್ ಹೋದ ಪೂಲ್ ಪಾರ್ಲರ್‌ನಲ್ಲಿ ಆಡಿದವರ ಕ್ಯೂ ನಮ್ಮ ಕೈಗೆ ಬಂದಾಗ ಹಿಡಿ ನೋಡಿದರೆ ಗೊತ್ತಾಗುತ್ತದೆ. ಮರದ ತೊಗಟೆಯಲ್ಲಿ ಹದ ಮಾಡಿದ ಚರ್ಮ ಬೆವರು ಕುಡಿದು ಕಪ್ಪಾಗುತ್ತದೆ, ಒಣಗಿದಾಗ ಬಿರುಸಾಗುತ್ತದೆ. ಅಚ್ಚು ಹೊಡೆದು ಚಿತ್ತಾರ ಮಾಡಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಬೆಲ್ಟಿಗೆ ಚೆನ್ನ. ಕ್ರೋಮ್ ಹದದ್ದು ಒದ್ದೆಯಾಗಿ ಒಣಗಿದರೂ ಮೆತ್ತಗೇ ಇರುತ್ತದೆ. ರೆಕ್ಸಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಲವು ಬೇಸಿಗೆ ಕಳೆದ ಮೇಲೆ ಅದರ ಮೇಲ್ಪದರ ಪುಡಿಪುಡಿಯಾಗಿ ಕೈಗೆ ಹತ್ತುತ್ತದೆ, ಅಷ್ಟೇ.

ಅಂಟು ಕೂಡ ಬದಲಾಗಿದೆ. ಚಪ್ಪಲಿಗೆ ಹಚ್ಚುವ ಹಳದಿ ಅಂಟು ಮುಟ್ಟಿದ ಕೂಡಲೇ ಹಿಡಿಯುತ್ತದೆ, ಚರ್ಮವನ್ನು ಸರಿಸಿ ಅದರ ಎರಡು ಅಂಚು ಕೂಡಿಸಲು ಬಿಡುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಕ್ಯೂ ಇಟ್ಟರೆ ಮೆತ್ತಗೂ ಆಗುತ್ತದೆ. ಇನ್ನು ಮುಂದೆ ಹಚ್ಚುವ ಬಡಗಿಗಳ ಬಿಳಿ ಅಂಟು ನಿಧಾನ, ಆದರೆ ಅಂಚುಗಳು ಕೂಡುವ ಗೆರೆ ಕೂದಲೆಳೆಯಷ್ಟು ಸಣ್ಣದಾಗಿ ಬರುತ್ತದೆ. ಅದು ರಾತ್ರಿಯಿಡೀ ಒಣಗಬೇಕು. ಹಾಗಾಗಿ ಬೆಳಿಗ್ಗೆ ಕೊಟ್ಟು ಸಂಜೆ ಒಯ್ಯುವುದು ಇನ್ನು ಆಗುವುದಿಲ್ಲ. ಟೂರ್ನಮೆಂಟ್ ಇದ್ದರೆ ದಯವಿಟ್ಟು ಮೊದಲೇ ತಂದುಕೊಡಿ.

ದಾರ ಸುತ್ತಿದ ಕ್ಯೂಗೆ ಚರ್ಮ ಬೇಕು ಅನ್ನುವವರು ಒಂದು ಮಾತು ಗಮನಿಸಿ. ಲಿನನ್ ದಾರದ ತಗ್ಗು ಇಷ್ಟು ಆಳ ಇರುವುದಿಲ್ಲ, ಮತ್ತೆ ಲೇತ್‌ಗೆ ಹಾಕಬೇಕಾಗುತ್ತದೆ. ಅದಕ್ಕೆ ಬೇರೆ ದರ, ಕೆಲಸ ಶುರು ಮಾಡುವ ಮೊದಲೇ ಹೇಳುತ್ತೇವೆ. ಉಳಿದಂತೆ ಎಮ್ಮೆ ಚರ್ಮಕ್ಕೆ ಕೊಡುತ್ತಿದ್ದ ದರವೇ ಇರುತ್ತದೆ. ಆಡಿನ ಚರ್ಮ ದುಬಾರಿ ನಿಜ, ಆದರೆ ಹೆರೆಯುವ ಕೂಲಿ ಉಳಿಯುತ್ತದಲ್ವಾ.

ನೀವೇ ಚರ್ಮ ತಂದುಕೊಟ್ಟರೂ ಸುತ್ತಿಕೊಡುತ್ತೇವೆ. ಹಳೆಯ ಜಾಕೆಟ್ ಬೆನ್ನು ನಡೆಯುತ್ತದೆ, ತೋಳು ನಡೆಯುವುದಿಲ್ಲ, ಮೊಣಕೈ ಹತ್ತಿರ ಹಿಗ್ಗಿರುತ್ತದೆ. ಕಲೆ, ಹೊಲಿಗೆ ತೂತು ಇಲ್ಲದ 14 ಇಂಚು ಉದ್ದ, 5 ಇಂಚು ಅಗಲದ ತುಂಡು ಬೇಕು. ಇಡೀ ಚರ್ಮ ಕೊಳ್ಳುವುದಾದರೆ ಬೆನ್ನಿನ ಭಾಗ ನೋಡಿ, ಹೊಟ್ಟೆಯ ಭಾಗ ಸಡಿಲ. ಉದ್ದವನ್ನು ಬೆನ್ನುಮೂಳೆಯ ಗುಂಟ ಕತ್ತರಿಸಬೇಕು. ಆ ಕಡೆ ಚರ್ಮ ಕಡಿಮೆ ಹಿಗ್ಗುತ್ತದೆ, ಅಡ್ಡಕ್ಕೆ ಸ್ವಲ್ಪ ಹಿಗ್ಗುವುದರಿಂದ ಬಿಗಿಯಾಗಿ ಸುತ್ತಬಹುದು.

ಹೊರದೇಶದ ಕ್ಯೂ ನೋಡಿ ಕೆಲವರು ಉಡದ ಚರ್ಮ ಕೇಳುತ್ತಾರೆ. ಅದು ಆಗುವುದಿಲ್ಲ. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಯಾರಾದರೂ ತಂದುಕೊಟ್ಟರೂ ನಾವು ಮುಟ್ಟುವುದಿಲ್ಲ. ಆ ಡಿಸೈನ್ ಇಷ್ಟವಾದರೆ ಆಡಿನ ಚರ್ಮದ ಮೇಲೆಯೇ ಅಚ್ಚು ಒತ್ತಿದ್ದು ಸಿಗುತ್ತದೆ, ದೂರದಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಚರ್ಮವೇ ಬೇಡ ಅನ್ನುವವರಿಗೆ ಲಿನನ್ ದಾರ ಮೊದಲಿನಂತೆ ಇದೆ. ಯಾವ ಪ್ರಾಣಿಯ ಚರ್ಮ ಅಂತ ಬಿಲ್‌ನಲ್ಲಿ ಬರೆದುಕೊಡುತ್ತೇವೆ, ಕೇಳಲು ಸಂಕೋಚ ಬೇಡ.

ಹೊಸ ಹಿಡಿಗೆ ಕೊಬ್ಬರಿ ಎಣ್ಣೆ, ಬೂಟ್ ಪಾಲಿಶ್ ಹಚ್ಚಬೇಡಿ. ಆಟ ಮುಗಿದ ಮೇಲೆ ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒಮ್ಮೆ ಒರೆಸಿದರೆ ಸಾಕು.

ಈಗಾಗಲೇ ಎಮ್ಮೆ ಚರ್ಮಕ್ಕೆ ಅಡ್ವಾನ್ಸ್ ಕೊಟ್ಟವರಿಗೆ ಅದನ್ನೇ ಸುತ್ತಿಕೊಡುತ್ತೇವೆ. ಆಡಿನದು ಬೇಕಿದ್ದರೆ ಈ ತಿಂಗಳೊಳಗೆ ಬಂದು ತಿಳಿಸಿ. ಬಣ್ಣದ ತುಂಡುಗಳನ್ನು ಕೌಂಟರ್ ಮೇಲೆ ಇಟ್ಟಿದ್ದೇವೆ, ಕೈಯಲ್ಲಿ ಹಿಡಿದು ನೋಡಿ ಆರಿಸಿಕೊಳ್ಳಿ.

ಇಂತಿ,
ಕ್ಯೂ ರಿಪೇರಿ ವರ್ಕ್‌ಶಾಪಿನವರು